ಕಂಡಕ್ಟರ್ ಸುನಿತಾಳ ಬಲಗೈ

ಶಿರಹಟ್ಟಿಯಿಂದ ಗದಗಕ್ಕೂ ಮುಂಡರಗಿಗೂ ಓಡಾಡುವ ಸರಕಾರಿ ಬಸ್ಸಿನಲ್ಲಿ ನೀವು ಯಾವತ್ತಾದರೂ ನಿಂತುಕೊಂಡು ಹೋಗಿದ್ದರೆ, ಕಂಡಕ್ಟರ್ ಸುನಿತಾ ನಿಮ್ಮ ಕಾಲು ತುಳಿದೇ ಇರುತ್ತಾಳೆ. ತುಳಿದ ಕೂಡಲೇ ಅವಳ ಬಲಗೈ ಸರಕ್ಕನೆ ಕೆಳಗಿಳಿದು ನಿಮ್ಮನ್ನು ಮುಟ್ಟಿ, ಮೇಲೆ ಬಂದು ಅವಳ ಕಣ್ಣಿಗೆ ತಾಗಿರುತ್ತದೆ. ನೀವು "ಇರ್ಲಿ ಬಿಡವ್ವಾ" ಅಂದಿರುತ್ತೀರಿ. ಅಷ್ಟರಲ್ಲಿ ಅವಳು ನಿಮ್ಮನ್ನು ದಾಟಿ ಹಿಂದಿನವರ ಹತ್ತಿರ ಚಿಲ್ಲರೆಗಾಗಿ ಜಗಳ ತೆಗೆದಿರುತ್ತಾಳೆ. ಹೀಗೆಲ್ಲ ನಡೆಯಿತೆಂಬುದು ನಿಮಗೆ ನೆನಪಿರುವುದಿಲ್ಲ, ಅವಳಿಗಂತೂ ಗೊತ್ತೇ ಆಗಿರುವುದಿಲ್ಲ.

ನಮ್ಮ ಕಡೆ ಇದೇನು ದೊಡ್ಡ ಸಂಗತಿಯಲ್ಲ. ಕಾಲು ಇನ್ನೊಬ್ಬರಿಗೆ ತಾಗಿದರೆ ಮುಟ್ಟಿ ನಮಸ್ಕಾರ ಮಾಡಬೇಕೆಂದು ಎಲ್ಲರ ಮನೆಯಲ್ಲೂ ಕಲಿಸುತ್ತಾರೆ. ಆದರೆ ಸುನಿತಾಳಿಗೆ ಕಲಿಸಿದವಳು ಅವಳ ತಾಯಿ ಶಾರದವ್ವ, ಮತ್ತು ಶಾರದವ್ವ ಯಾವುದನ್ನೂ ಅರ್ಧಂಬರ್ಧ ಕಲಿಸಿದ ಹೆಂಗಸಲ್ಲ. ಯಳವತ್ತಿಯ ಆ ತವರುಮನೆಯಲ್ಲಿ ಮನುಷ್ಯರ ಮಾತಿರಲಿ, ಪಾಟಿಚೀಲಕ್ಕೆ, ಕಸಬರಿಗೆಗೆ, ಜೋಳದ ಚೀಲಕ್ಕೆ, ಬಾಗಿಲಲ್ಲಿ ಮಲಗಿದ ಬೆಕ್ಕಿಗೆ ಕಾಲು ತಾಗಿದರೂ ಕೈ ಕಣ್ಣಿಗೆ ಹೋಗಲೇಬೇಕಿತ್ತು. ಹೋಗದಿದ್ದರೆ ಬೆನ್ನಿಗೆ ಗುದ್ದು ಬೀಳುತ್ತಿತ್ತು. ಹೀಗೆ ಪಳಗಿದ ಕೈಯನ್ನು ತಂದು ಬಸ್ಸಿನ ಗದ್ದಲದಲ್ಲಿ ಬಿಟ್ಟರೆ ಏನಾಗಬೇಕು? ಅದರಲ್ಲೂ ಹೆಣ್ಣುಮಕ್ಕಳಿಗೆ ಟಿಕೆಟ್ ಪುಕ್ಕಟೆ ಆದ ಮೇಲೆ ಬಸ್ಸಿನಲ್ಲಿ ಕಾಲೂರಲು ಜಾಗವಿಲ್ಲ. ಸುನಿತಾಳ ಕೈ ಬೆಳಗಿನಿಂದ ಸಂಜೆಯವರೆಗೆ ಮೇಲೆ ಕೆಳಗೆ ಆಡುತ್ತಲೇ ಇರುತ್ತಿತ್ತು. ಡ್ರೈವರ್ ಮರ್ದಾನಸಾಬ ಕನ್ನಡಿಯಲ್ಲಿ ನೋಡಿ ನಗುತ್ತಿದ್ದ.

"ಸುನಿತಕ್ಕ, ನೀ ಒಂದ ಟ್ರಿಪ್ಪಿನಾಗ ಮಾಡೂವಷ್ಟ ನಮಸ್ಕಾರ ಮಠದಾಗ ಒಂದ ದಿನಕ್ಕೂ ಬೀಳೂದಿಲ್ಲ ನೋಡವಾ."

"ನೀ ರಸ್ತಾ ನೋಡಿ ಗಾಡಿ ಹೊಡಿ," ಎನ್ನುತ್ತಿದ್ದಳು ಸುನಿತಾ. "ನೀ ಬ್ರೇಕ್ ಹಾಕೂ ಚಂದಕ್ಕ ನಾ ಮಂದಿ ಕಾಲ ತುಳಿಯೂದು."

ಈ ಸುನಿತಾಳಿಗೆ ವಿಮಾನದಿಂದ ಜಿಗಿಯುವ ಹುಚ್ಚು ಹತ್ತಿದ್ದು ಒಂದು ಚಳಿಗಾಲದಲ್ಲಿ. ಮುಂಡರಗಿಯಾಚೆ ಒಂದು ಕಾರ್ಖಾನೆಯವರ ಖಾಸಗಿ ರನ್‌ವೇ ಇದೆ. ವರ್ಷವೆಲ್ಲ ಅಲ್ಲಿ ಕುರಿ ಹೊಡೆದುಕೊಂಡು ಹೋಗುವವರನ್ನು ಬಿಟ್ಟರೆ ಯಾರೂ ಕಾಣುವುದಿಲ್ಲ. ಆ ಸಲ ಪುಣೆಯ ಕಡೆಯ ಒಂದು ಸಂಸ್ಥೆಯವರು ಬಂದು, ತಗಡಿನ ಶೆಡ್ಡು ಹಾಕಿ, ಪ್ಯಾರಾಚೂಟ್ ಜಿಗಿತದ ಶಿಬಿರ ನಡೆಸಿದ್ದರು. ಒಂದು ದಿನ ಅದರ ಹತ್ತಿರವೇ ಬಸ್ಸು ಪಂಕ್ಚರ್ ಆಗಿ ನಿಂತಿತು. ನೋಡನೋಡುತ್ತಿದ್ದಂತೆ ಕಡಲೆ ಹೊಲಗಳ ಮೇಲೆ ಬಣ್ಣದ ಪ್ಯಾರಾಚೂಟ್ ಒಂದು ತೇಲುತ್ತ ಬಂತು. ಅದರ ಕೆಳಗೆ ಇಬ್ಬರು, ಹಿಂದೊಬ್ಬ ಮುಂದೊಬ್ಬಳು, ಬೆನ್ನಿಗೆ ಎದೆ ಬಿಗಿದುಕೊಂಡು ತೂಗುತ್ತಿದ್ದರು. ಮುಂದಿದ್ದವಳು ತಲೆ ನರೆತ, ಮೈ ತುಂಬಿದ ಹೆಂಗಸು. ಅವಳು ಎರಡೂ ಕಾಲು ಎತ್ತಿಕೊಂಡು ಕುಕ್ಕರಿಸಿದಂತೆ ನೆಲಕ್ಕಿಳಿದು, ಅಲ್ಲೇ ಅಂಗಾತ ಬಿದ್ದು ನಕ್ಕಳು. ಬಸ್ಸಿನವರೆಗೆ ಕೇಳುವ ಹಾಗೆ ನಕ್ಕಳು.

ಆ ನಗು ಕೇಳಿ ಸುನಿತಾಳಿಗೆ ಹೊಟ್ಟೆಕಿಚ್ಚಾಯಿತು. ಮುಚ್ಚಿಟ್ಟು ಹೇಳುವುದೇಕೆ, ಹೊಟ್ಟೆಕಿಚ್ಚೇ. ನಲವತ್ತು ದಾಟಿದ ತಾನು ಹಾಗೆ ಅಂಗಾತ ಬಿದ್ದು ನಕ್ಕದ್ದು ಯಾವಾಗ ಎಂದು ಅವಳಿಗೆ ನೆನಪಾಗಲಿಲ್ಲ. ದಿನಾ ಬೆಳಗಾದರೆ "ಬಾಗಲದಾಗ ನಿಂದ್ರಬ್ಯಾಡ್ರಿ, ಒಳಗ ಸರೀರಿ" ಎಂದು ಒದರಿ ಗಂಟಲು ಹರಿದುಕೊಂಡವಳು ಅವಳು. ಒಂದೇ ಒಂದು ಸಲ ತಾನೂ ಬಾಗಿಲಲ್ಲಿ ನಿಲ್ಲಬೇಕು, ಯಾರೂ ಒಳಗೆ ಸರಿ ಎನ್ನಬಾರದು, ಅಲ್ಲಿಂದ ಹೊರಕ್ಕೆ ಹೋಗಬೇಕು ಅನ್ನಿಸಿತು. ಮನೆಗಾಗಿ, ಮಂದಿಗಾಗಿ ಬೇಡಿದ್ದು ಬಹಳ ಇತ್ತು. ತನಗಾಗಿ ಇಷ್ಟು ಜೋರಾಗಿ ಅವಳು ಯಾವುದನ್ನೂ ಬಯಸಿರಲಿಲ್ಲ.

ಮರುವರ್ಷ ಶಿಬಿರ ಮತ್ತೆ ಬಂತು. ಸಾರಿಗೆ, ಆಸ್ಪತ್ರೆ, ಅಂಗನವಾಡಿಗಳಲ್ಲಿ ದುಡಿಯುವ ಹೆಣ್ಣುಮಕ್ಕಳಿಗೆಂದು ಕೆಲವು ಜಾಗ ಪುಕ್ಕಟೆ ಇಟ್ಟು ಚೀಟಿ ಎತ್ತಿದರು. ಸುನಿತಾಳ ಹೆಸರು ಬಂತು. ಡಿಪೊದಲ್ಲಿ ಬಾಯಿಗೆ ಬಂದದ್ದು ಆಡಿದರು. ಪರ ಗಂಡಸನ್ನು ಬೆನ್ನಿಗೆ ಕಟ್ಟಿಕೊಂಡು ಜಿಗಿಯುತ್ತಾಳಂತೆ ಎಂದು ಒಬ್ಬ ಹಲ್ಲು ಕಿಸಿದ. ಸುನಿತಾ ಅವನ ಮುಖಕ್ಕೇ ಹೇಳಿದಳು: "ಇಷ್ಟ ವರ್ಷ ಬಸ್ಸಿನಾಗ ನನ್ನ ಬೆನ್ನಿಗೆ ಆತಗೊಂಡ ಎಷ್ಟ ಮಂದಿ ನಿಂತಾರ, ಆವಾಗ ನಿಮಗ್ಯಾರಿಗೂ ಕಣ್ಣ ಇರಲಿಲ್ಲೇನು?" ಅವನ ಹಲ್ಲು ಒಳಗೆ ಹೋಯಿತು.

ಗಂಡ ಕಳಕಪ್ಪ ಶಿರಹಟ್ಟಿಯಲ್ಲೇ ಪಂಪಿನ ಮೋಟಾರು ರಿಪೇರಿಯ ಅಂಗಡಿ ಇಟ್ಟವನು. ಅವನು ಬೇಡ ಅನ್ನಲಿಲ್ಲ. "ಬೆಲ್ಟ್ ಮಾತ್ರ ನೀ ಒಮ್ಮಿ ಜಗ್ಗಿ ನೋಡು. ಮಂದಿ ಮ್ಯಾಲೆ ಬಿಡಬ್ಯಾಡ," ಎಂದ. ಮಗಳ ಮನೆಗೆ ಬಂದು ಇದ್ದ ಶಾರದವ್ವನಿಗೆ ಮಾತ್ರ ತಲೆಬುಡ ತಿಳಿಯಲಿಲ್ಲ. "ಹತ್ತಿದ ಗಾಡಿ ನಿಂತ ಮ್ಯಾಲೆ ಇಳೀಬೇಕು ಅಂತ ನೀನ ಮಂದಿಗಿ ಬೈತಿ. ಈಗ ನೀನ ನಡುದಾರ್ಯಾಗ ಇಳೀತಿಯೇನ?" ಎಂದಳು.

ಶಿಬಿರದಲ್ಲಿ ಸುನಿತಾಳ ಪಾಲಿಗೆ ಬಂದ ತರಬೇತುದಾರ ಕಳಸಾಪುರದ ನಂದೀಶ. ಸೈನ್ಯದಲ್ಲಿ ಪ್ಯಾರಾಚೂಟಿನ ಪಡೆಯಲ್ಲಿದ್ದು ಬಂದವನು, ಅವಳಿಗಿಂತ ಬಹಳ ಚಿಕ್ಕವನು. ನಮ್ಮ ಕಡೆಯ ಹುಡುಗ ಎಂದು ಅವಳಿಗೆ ಧೈರ್ಯ ಬಂತು. ಆದರೂ ಫಜೀತಿ ಶುರುವಾದದ್ದು ಅಲ್ಲಿಂದಲೇ ಎನ್ನಿ.

"ಅಕ್ಕಾರ, ಛತ್ರಿ ಇರೂದು ನನ್ನ ಬೆನ್ನಿಗೆ," ಎಂದು ನಂದೀಶ ತಿಳಿಸಿ ಹೇಳಿದ. "ನಿಮ್ಮನ್ನ ನನ್ನ ಮುಂದ ಕೊಂಡಿ ಹಾಕಿ ಬಿಗೀತೇನಿ. ಹಾರೂದು, ಬಿಚ್ಚೂದು, ಇಳಸೂದು ಎಲ್ಲಾ ನನ್ನ ಕೆಲಸ. ನೀವು ಹೇಳಿದಂಗ ಇದ್ರ ಆತು."

ಹೇಳಿದಂತೆ ಇರುವುದು ಎಂದರೆ ಹೀಗೆ. ವಿಮಾನದ ಬಾಗಿಲ ಅಂಚಿಗೆ ಕುಳಿತು ತಲೆಯನ್ನು ಹಿಂದೆ ಅವನ ಭುಜಕ್ಕೆ ಆನಿಸಬೇಕು. ಎರಡೂ ಕೈ ಎದೆಯ ಮೇಲಿನ ಪಟ್ಟಿಯನ್ನು ಗಟ್ಟಿಯಾಗಿ ಹಿಡಿದಿರಬೇಕು. ಕಾಲುಗಳನ್ನು ಹಿಂದಕ್ಕೆ ಮಡಚಿ ಹಿಮ್ಮಡಿಯನ್ನು ಅವನ ಕಾಲುಗಳ ನಡುವೆ ಒತ್ತಬೇಕು, ಮೈ ಬಿಲ್ಲಿನ ಹಾಗೆ ಬಾಗಬೇಕು. ಗಾಳಿಯಲ್ಲಿ ಅವನು ಭುಜ ತಟ್ಟುವ ತನಕ ಕೈ ಬಿಡಕೂಡದು. ಶೆಡ್ಡಿನಲ್ಲಿ ಕಟ್ಟಿಗೆಯ ಚೌಕಟ್ಟು ಹೊಡೆದು ವಿಮಾನದ ಬಾಗಿಲು ಮಾಡಿದ್ದರು, ಮುಂದೆ ಹಾಸಿಗೆ ಹಾಸಿದ್ದರು. ಅಲ್ಲಿ ಸರಿಯಾಗಿ ಮಾಡಿ ತೋರಿಸಿದವರಿಗೆ ಮಾತ್ರ ವಿಮಾನ.

ಸುನಿತಾ ಪ್ಯಾಂಟು ಹಾಕಿಕೊಂಡು, ಕಳಕಪ್ಪ ಹೇಳಿದಂತೆ ಬೆಲ್ಟು ಜಗ್ಗಿ ನೋಡಿ, ಚೌಕಟ್ಟಿನಲ್ಲಿ ಕುಳಿತಳು. ಹಿಂದೆ ನಂದೀಶ ಕೊಂಡಿ ಹಾಕಿ ಬಿಗಿದ. "ತಲಿ ಹಿಂದ. ಕೈ ಎದಿಮ್ಯಾಲೆ. ಕಾಲ ಮಡಚ್ರಿ," ಎಂದ. ಅವಳು ಮಡಚಿದಳು. ಹಿಮ್ಮಡಿ ಹೋಗಿ ಅವನ ಮೊಣಕಾಲಿಗೆ ತಾಗಿತು. ತಾಗಿದ್ದೇ ತಡ, ಬಲಗೈ ಪಟ್ಟಿ ಬಿಟ್ಟು ಹಿಂದಕ್ಕೆ ಹೋಗಿ ಅವನ ತೊಡೆಯನ್ನು ಮುಟ್ಟಿ ಕಣ್ಣಿಗೆ ಬಂತು.

"ಇರ್ಲಿ ಬಿಡ್ರಿ," ಎಂದ ನಂದೀಶ. ಎಂದವನೇ ನಾಲಿಗೆ ಕಚ್ಚಿಕೊಂಡ. "ಅಕ್ಕಾರ, ಕೈ ಯಾಕ ಬಿಟ್ರಿ?"

"ಯಾವ ಕೈ?" ಎಂದಳು ಸುನಿತಾ. ಅವಳು ಖರೇನೇ ಕೇಳಿದ್ದು.

ಎರಡನೆಯ ಸಲವೂ ಅದೇ ಆಯಿತು. ಮತ್ತೊಮ್ಮೆಯೂ ಅದೇ. ಸುತ್ತ ನಿಂತ ಹೆಣ್ಣುಮಕ್ಕಳು ಹೊಟ್ಟೆ ಹಿಡಿದುಕೊಂಡು ನಕ್ಕರು, ಸುನಿತಾಳೂ ನಕ್ಕಳು. ನಂದೀಶ ನಗಲಿಲ್ಲ. ಕೊಂಡಿ ಬಿಚ್ಚಿ ಅವಳ ಮುಂದೆ ಬಂದು ಕುಳಿತ.

"ಜಿಗಿದ ಕೂಡಲೇ ನಾ ಬಲಗೈಲೆ ಒಂದ ಸಣ್ಣ ಛತ್ರಿ ಒಗೀತೇನ್ರಿ. ಅದ ನಮ್ಮಿಬ್ಬರ ವೇಗ ತಡೀತೈತಿ. ಅದರ ಹಿಡಿಕಿ ಇರೂದು ಇಲ್ಲೇ, ನನ್ನ ಬಲಸೊಂಟದ ಹಿಂದ. ನಿಮ್ಮ ಕೈ ಸೀದಾ ಇದರ ಕಡೇನ ಬರಾಕತ್ತೈತಿ. ಆ ಹೊತ್ತಿನಾಗ ನೀವು ನನ್ನ ಕೈ ಹಿಡದ್ರೂ ಗೋತಾ, ಹಿಡಿಕಿ ಹಿಡದ್ರೂ ಗೋತಾ. ಇದ ಬಸ್ಸಲ್ರೀ, ಬ್ರೇಕ್ ಹಾಕಿ ನಿಲ್ಲಸಾಕ."

ಸುನಿತಾಳ ನಗು ಅಲ್ಲಿಗೆ ನಿಂತಿತು. ತಿಳಿಯದವಳಲ್ಲ ಅವಳು. ಬಾಗಿಲಲ್ಲಿ ನೇತಾಡುವ ಹುಡುಗರಿಗೆ ತಾನೂ ಇದೇ ದನಿಯಲ್ಲಿ ಬೈಯುತ್ತಾಳೆ. ಮತ್ತೆ ಕುಳಿತಳು. ಈ ಸಲ ಮನಸ್ಸನ್ನೆಲ್ಲ ಕೈಯಲ್ಲಿಟ್ಟು, ಬೆರಳು ಬೆಳ್ಳಗಾಗುವಷ್ಟು ಗಟ್ಟಿ ಹಿಡಿದಳು. ಕೈ ನಿಂತಿತು. ಆದರೆ ಕಾಲು ಹಟ ಹಿಡಿಯಿತು. ಹಿಮ್ಮಡಿ ನಂದೀಶನ ಹತ್ತಿರ ಹೋಗಿ, ತಾಗುವ ಮೊದಲೇ ಪಕ್ಕಕ್ಕೆ ಸರಿದು ನಿಂತುಬಿಟ್ಟಿತು. "ಒತ್ರಿ, ಕಾಲ ಒತ್ರಿ" ಎಂದು ಅವನು ಒದರಿದ. ಒತ್ತಿದಳು, ಕೈ ಹೋಯಿತು. ಕೈ ಹಿಡಿದರೆ ಕಾಲು ಹೋಗುತ್ತಿರಲಿಲ್ಲ, ಕಾಲು ಹೋದರೆ ಕೈ ನಿಲ್ಲುತ್ತಿರಲಿಲ್ಲ. ತನ್ನ ಮೈಯೇ ತನ್ನ ಮಾತು ಕೇಳದಿದ್ದರೆ ಯಾರ ಹತ್ತಿರ ದೂರು ಕೊಡುವುದು? ಅವಳಿಗೆ ಅಳು ಬರುವ ಹಾಗಾಯಿತು.

"ತಮ್ಮಾ, ಕೈ ಕಟ್ಟಿಬಿಡು," ಎಂದಳು.

"ಕಟ್ಟಾಕ ಬರೂದಿಲ್ರಿ. ಗಾಳ್ಯಾಗ ಕೈ ಚಾಚಬೇಕು, ಇಳಿಯೂವಾಗ ಕಾಲ ಎತ್ತಿ ಹಿಡಕೋಬೇಕು. ಕೈ ಬೇಕು, ಸುಮ್ಮನಿರೂ ಕೈ ಬೇಕು."

ಅವತ್ತೇ ಬೆಟಗೇರಿಯ ಒಬ್ಬ ನರ್ಸು ಮೊದಲ ಸಲಕ್ಕೇ ಪಾಸಾಗಿ, ಮರುದಿನ ಜಿಗಿದೂ ಬಂದಳು. ಬಂದವಳು ಗಾಳಿಯಲ್ಲಿ ಕೆನ್ನೆ ಹೇಗೆ ಉಬ್ಬಿತೆಂದು ಎಲ್ಲರಿಗೂ ಮಾಡಿ ತೋರಿಸಿದಳು. ಸುನಿತಾಳಿಗೂ ತೋರಿಸಿದಳು. ಸುನಿತಾ ಚಂದ ಐತಿ ಎಂದಳು, ಒಳಗೊಳಗೇ ಉರಿದುಹೋದಳು.

ರಜೆ ಸಿಕ್ಕಷ್ಟು ದಿನ ಹೋದಳು. ಬಸ್ಸಿನ ಡ್ಯೂಟಿ ಮುಗಿಸಿ ಅದೇ ದಾರಿಯ ಇನ್ನೊಂದು ಬಸ್ಸು ಹಿಡಿದು ಹೋದಳು. ಹೋದಾಗಲೆಲ್ಲ ಅದೇ ಚೌಕಟ್ಟು, ಅದೇ ಹಾಸಿಗೆ, ಅದೇ ಕೈ. ಕಡೆಗೆ ಶಿಬಿರದ ಮುಖ್ಯಸ್ಥೆ, ಎಲ್ಲರೂ ದೊಡ್ಡ ಮೇಡಮ್ ಎನ್ನುತ್ತಿದ್ದ ಪುಣೆಯ ಹೆಂಗಸು, ಬಂದು ನಿಂತು ನೋಡಿದಳು. ಅವಳು ಹಿಂದಿಯಲ್ಲಿ ಹೇಳಿದ್ದು ಸುನಿತಾಳಿಗೆ ಅರ್ಥವಾಯಿತು. ಶಿಬಿರ ಮುಗಿಯುವುದರೊಳಗೆ ಈ ಕೈ ನಿಲ್ಲದಿದ್ದರೆ ಇವರ ಹೆಸರು ತೆಗೆಯಿರಿ, ನಂದೀಶನ ಜೀವವೂ ಒಂದು ಜೀವವೇ. ಮಾತು ಸರಿಯಾಗಿಯೇ ಇತ್ತು. ಸರಿಯಾದ ಮಾತಿಗೆ ತಿರುಗಿ ಬೈಯಲು ಬರುವುದಿಲ್ಲವಲ್ಲ, ಅದಕ್ಕೇ ಸುನಿತಾಳಿಗೆ ಇನ್ನಷ್ಟು ಸಿಟ್ಟು.

ಮನೆಯಲ್ಲಿ ಕಳಕಪ್ಪ ತಾನೇ ಮುಂದೆ ಬಂದ. "ಮಂಚದ ತುದೀಗ ಕುಂಡ್ರು. ನಾ ಹಿಂದ ಕುಂಡರ್ತೇನಿ. ಕಾಲ ನನಗ ಹಚ್ಚು, ಕೈ ಬಿಡಬ್ಯಾಡ. ರೂಢಿ ಆದ್ರ ಆತು."

"ನಿಮಗ ಕಾಲ ಹಚ್ಚಲೇನು?" ಸುನಿತಾ ದಂಗಾದಳು. "ಅಲ್ಲಿ ಆ ಹುಡುಗಗ ಹಚ್ಚಾಕ ಆಗವಲ್ಲದು, ಗಂಡಗ ಹೆಂಗ ಹಚ್ಲಿ?"

"ನನ್ನ ಅಪ್ಪಣಿ ಐತಿ, ಹಚ್ಚು."

ಹಚ್ಚಿದಳು. ಕೈ ಹೋಯಿತು. ಮತ್ತೆ ಹಚ್ಚಿದಳು. ಕೈ ಮತ್ತೆ ಹೋಯಿತು, ಈ ಸಲ ಎರಡು ಸಲ ಕಣ್ಣಿಗೊತ್ತಿಕೊಂಡಿತು, ಗಂಡನಲ್ಲವೇ. ಮೋಟಾರಿನ ತಂತಿಯನ್ನು ತಾಸುಗಟ್ಟಲೆ ಸಮಾಧಾನದಿಂದ ಸುತ್ತುವ ಕಳಕಪ್ಪನಿಗೂ ತಾಳ್ಮೆ ಕೆಟ್ಟಿತು. "ನಾ ಏನ ದೇವರೇನ ಸುನಿತಾ, ಒದಿ ಅಂದ್ರ ಪೂಜಿ ಮಾಡಾಕತ್ತಿ!" ಎಂದು ಎದ್ದು ಅಂಗಡಿಗೆ ಹೋದ. ಬಾಗಿಲಲ್ಲಿ ಶೇಂಗಾ ಸುಲಿಯುತ್ತ ಕುಳಿತಿದ್ದ ಶಾರದವ್ವ ಇದನ್ನೆಲ್ಲ ನೋಡಿದ್ದಳು.

"ಎಲ್ಲಾ ನಿಂದ ಕಸರತ್ತ," ಎಂದು ಸುನಿತಾ ಅವಳ ಮೇಲೆ ಹರಿಹಾಯ್ದಳು. "ಬೆಕ್ಕಿಗೂ ನಮಸ್ಕಾರ ಮಾಡಸ್ತಿದ್ದಿ. ಈಗ ನೋಡು."

ಶಾರದವ್ವನಿಗೆ ಬೇಜಾರೇನೂ ಆಗಲಿಲ್ಲ, ಒಳಗೆ ಸ್ವಲ್ಪ ಹಿಗ್ಗೇ ಆದ ಹಾಗಿತ್ತು. "ನಾ ಕಲಿಸಿದ್ದು ಹಂಗ ಹೋಗೂದಿಲ್ಲ ತಗೀ. ಅಲ್ಲಾ, ಅಲ್ಲಿ ಅಷ್ಟ ಬಿಟ್ಟ ಬಾ. ಚಪ್ಪಲಿ ಹೊರಗ ಬಿಡೂದಿಲ್ಲೇನು ಹಂಗ. ಬರೂವಾಗ ಮತ್ತ ಹಾಕ್ಕೊಂಡ ಬಾ."

ಸುನಿತಾ ಅದನ್ನೇ ನಂಬಿದಳು. ಮರ್ದಾನಸಾಬ ಬಸ್ಸಿನಲ್ಲೇ ರೂಢಿ ಮಾಡು ಎಂದು ಬುದ್ಧಿ ಹೇಳಿದ್ದ, ದಿನಕ್ಕೆ ಎಷ್ಟು ಕಾಲು ಬೇಕಾದರೂ ಸಿಗುತ್ತವೆ ಎಂದಿದ್ದ. ಅವಳು ಒಪ್ಪಿರಲಿಲ್ಲ. ಬಸ್ಸಿನದು ಬಸ್ಸಿಗೆ, ಶೆಡ್ಡಿನದು ಶೆಡ್ಡಿಗೆ. ಎರಡನ್ನೂ ಬೇರೆ ಬೇರೆ ಇಡಬಹುದು ಎಂದು ಅವಳ ಲೆಕ್ಕ.

ಶಿಬಿರ ಮುಗಿಯಲು ಒಂದು ದಿನ ಉಳಿದಿತ್ತು. ಅವತ್ತು ಬೆಳಿಗ್ಗೆ ಅವಳಿಗೆ ಒಂದು ಉಪಾಯ ಹೊಳೆಯಿತು. ಕೈಗೆ ಬೇಕಾದದ್ದು ನಮಸ್ಕಾರ ತಾನೇ? ಮೊದಲೇ ಮಾಡಿ ಮುಗಿಸಿಬಿಟ್ಟರೆ ಆಮೇಲೆ ಸುಮ್ಮನಿರಬಹುದು. ಶೆಡ್ಡಿಗೆ ಹೋದವಳೇ, ಬೆಲ್ಟು ತಿದ್ದುತ್ತ ನಿಂತಿದ್ದ ನಂದೀಶನ ಮುಂದೆ ಬಗ್ಗಿ ಎರಡೂ ಕೈಯಿಂದ ಅವನ ಬೂಟು ಮುಟ್ಟಿದಳು.

ಹಾವು ತುಳಿದವನ ಹಾಗೆ ನಂದೀಶ ಹಿಂದೆ ಜಿಗಿದ. "ಅಕ್ಕಾರ! ಏನ ಮಾಡಾಕತ್ತೀರಿ? ಹಿರ್ಯಾರು ನೀವು! ನಮ್ಮವ್ವಗ ಗೊತ್ತಾದ್ರ ಮನ್ಯಾಗ ಸೇರಸೂದಿಲ್ಲ ನನ್ನ." ಈಗ ಅವನು ಅವಳ ಕಾಲು ಮುಟ್ಟಲು ಬಗ್ಗಿದ, ಅವಳು ಹಿಂದೆ ಸರಿದಳು. ದೊಡ್ಡ ಮೇಡಮ್ ದೂರದಿಂದ ನೋಡಿ, ಇವರಿಬ್ಬರೂ ಸೇರಿ ಏನು ತಾಲೀಮು ಮಾಡುತ್ತಿದ್ದಾರೆಂದು ತಿಳಿಯದೆ ಹಣೆ ಚಚ್ಚಿಕೊಂಡಳು.

ಚೌಕಟ್ಟಿನಲ್ಲಿ ಕುಳಿತರೆ ಕಥೆ ಅದೇ. ಹಿಮ್ಮಡಿ ತಾಗಿತು, ಕೈ ಹೋಯಿತು. ನಂದೀಶನಿಗೂ ಸಾಕಾಗಿತ್ತು. ಕೊಂಡಿಗೆ ಕೈ ಹಾಕುತ್ತ, "ಆಗೂದಿಲ್ಲ ಬಿಡ್ರಿ ಅಕ್ಕಾರ," ಎಂದ. "ಟಿಕೆಟ್ ಹರಿಯೂದು ಬ್ಯಾರೆ, ಇದ ಬ್ಯಾರೆ. ಎಲ್ಲಾರಿಗೂ ಬರೂದಲ್ಲ ಇದು."

ಸುನಿತಾಳಿಗೆ ತಲೆಗೇರಿತು. ಟಿಕೆಟ್ ಹರಿಯುವುದಂತೆ! ಒಂದು ಕಾಲ ಮೇಲೆ ನಿಂತು, ಕುಡುಕರನ್ನು ಇಳಿಸಿ, ಬಸುರಿಯರಿಗೆ ಸೀಟು ಕೊಡಿಸಿ, ಚಿಲ್ಲರೆ ಎಣಿಸಿ ಬದುಕು ಸವೆಸಿದವಳಿಗೆ, ನಿನ್ನೆ ಮೀಸೆ ಬಂದ ಹುಡುಗ ಹೇಳುವ ಮಾತೇ ಇದು? "ಬಿಚ್ಚಬ್ಯಾಡ!" ಎಂದು ಇಡೀ ಶೆಡ್ಡು ತಿರುಗಿ ನೋಡುವ ಹಾಗೆ ಚೀರಿದಳು. ತಲೆ ಹಿಂದೆ ಒಗೆದಳು, ಪಟ್ಟಿ ಹಿಡಿದಳು, ಹಲ್ಲು ಕಚ್ಚಿ ಎರಡೂ ಹಿಮ್ಮಡಿಯಿಂದ ಅವನ ಕಾಲಿಗೆ ಒದ್ದಳು. ಖರೇನೇ ಒದ್ದಳು. ನಂದೀಶ "ಯವ್ವಾ" ಎಂದ.

ಕೈ ಎದೆಯ ಮೇಲೇ ಇತ್ತು.

"ಆತು!" ನಂದೀಶ ನೋವಿನಲ್ಲೇ ಕೂಗಿದ. "ಹಿಂಗ! ಇದ ಬೇಕಾಗಿತ್ತು ನೋಡ್ರಿ! ಇನ್ನೊಮ್ಮಿ ಒದೀರಿ!"

ಇನ್ನೊಮ್ಮೆ ಒದ್ದಳು. ಸಿಟ್ಟು ಇಳಿಯುವ ತನಕ ಒದ್ದಳು, ಇಳಿದ ಮೇಲೂ ಒದ್ದಳು. ಮೊದಲು ಸಿಟ್ಟಿಗೆ ನಿಂತ ಕೈ ಆಮೇಲೆ ತಾನಾಗಿಯೇ ನಿಂತಿತು. ಮಧ್ಯಾಹ್ನದವರೆಗೆ ಅದೇ ಕೆಲಸ. ದೊಡ್ಡ ಮೇಡಮ್ ಬಂದು ಸುಮ್ಮನೆ ನಿಂತು ನೋಡಿದಳು, ಬೇಕೆಂದೇ ಗಾಬರಿ ಮಾಡಿಸಿ ನೋಡಿದಳು, ಕೈ ಅಲುಗಲಿಲ್ಲ. ನಾಳೆ ಬೆಳಿಗ್ಗೆ ಹೋಗಬಹುದು ಎಂದಳು. ಸುನಿತಾಳಿಗೆ ಕುಣಿಯಬೇಕು ಅನ್ನಿಸಿತು. ಆದರೆ ಸಂಜೆ ಮನೆಗೆ ಹೋಗುವಾಗ ಏನೋ ಬಿಟ್ಟು ಬಂದ ಹಾಗೆ ಚೀಲ ಮುಟ್ಟಿ ಮುಟ್ಟಿ ನೋಡಿಕೊಂಡಳು. ಚೀಲದಲ್ಲಿ ಎಲ್ಲವೂ ಇತ್ತು.

ಮರುದಿನ ಬೆಳಿಗ್ಗೆ ನೀಲಿ ಉಡುಪು ತೊಟ್ಟು, ಕಣ್ಣಿಗೆ ದಪ್ಪ ಕನ್ನಡಕ ಏರಿಸಿ, ಅವಳು ವಿಮಾನ ಹತ್ತಿದಳು. ಅದರೊಳಗೆ ಸೀಟುಗಳಿರಲಿಲ್ಲ. ಎಲ್ಲರೂ ನೆಲದ ಮೇಲೆ ಕಾಲು ಚಾಚಿ ಒಬ್ಬರಿಗೊಬ್ಬರು ಆತುಕೊಂಡು ಕುಳಿತಿದ್ದರು, ಸಂತೆಯ ದಿನದ ಬಸ್ಸಿಗಿಂತ ಇಕ್ಕಟ್ಟು. ವಿಮಾನ ಏರುತ್ತ ಹೋಯಿತು. ಒಂದು ಕಡೆ ಕಪ್ಪತಗುಡ್ಡದ ಗಾಳಿಯಂತ್ರಗಳು ಸಣ್ಣಗೆ ಕಂಡವು, ಇನ್ನೊಂದು ಕಡೆ ತುಂಗಭದ್ರೆ. ನಡುವೆ ತಾನು ದಿನಾ ಓಡಾಡುವ ರಸ್ತೆ. ಅಷ್ಟು ದೊಡ್ಡ ರಸ್ತೆ ಇಷ್ಟೇನೇ ಎಂದು ಅವಳಿಗೆ ನಗು ಬಂತು. ನಂದೀಶ ಕೊಂಡಿ ಹಾಕಿ ಬಿಗಿದ, ಒಂದೊಂದನ್ನೂ ಜಗ್ಗಿ ತೋರಿಸಿದ. ಬಾಗಿಲು ಸರಿಸಿದರು.

ಗಾಳಿ ಮುಖಕ್ಕೆ ಹೊಡೆಯಿತು. ಇಬ್ಬರೂ ಜರುಗುತ್ತ ಜರುಗುತ್ತ ಅಂಚಿಗೆ ಬಂದರು. ಸುನಿತಾಳ ಮುಂದೆ ಈಗ ಏನೂ ಇರಲಿಲ್ಲ. ತಲೆ ಹಿಂದೆ ಹೋಯಿತು, ಕೈ ಪಟ್ಟಿ ಹಿಡಿಯಿತು, ಹಿಮ್ಮಡಿ ಹೋಗಿ ನಂದೀಶನ ಕಾಲಿಗೆ ಒತ್ತಿತು. ಕೈ ನಿಂತಿತ್ತು. ಹೆದರಿಕೆ ಇತ್ತು, ಅದಕ್ಕಿಂತ ಹೆಚ್ಚು ಖುಷಿ ಇತ್ತು. ಬಾಯಿತುಂಬ "ರೈಟ್" ಎಂದು ಒದರಬೇಕು ಎಂದು ಅವಳು ಉಸಿರು ಎಳೆದುಕೊಂಡಳು.

ಮುಂದಿನಿಂದ ಪೈಲಟ್ ಕೈ ಅಡ್ಡಡ್ಡ ಆಡಿಸಿದ. ಯಾರೋ ಬಾಗಿಲು ಎಳೆದು ಮುಚ್ಚಿದರು. ನಂದೀಶ ಅವಳ ಭುಜ ಹಿಡಿದು ಒಳಗೆ ಜಗ್ಗಿದ.

"ಒಳಗ ಸರೀರಿ ಅಕ್ಕಾರ, ಒಳಗ ಸರೀರಿ. ಕೆಳಗ ಒಮ್ಮೆಲೇ ಗಾಳಿ ಎದ್ದೈತಂತ. ಜೋಡಿ ಇಳಸಾಕ ಬಿಡೂದಿಲ್ಲ."

"ಎದ್ರ ಏಳಲಿ! ನನ್ನ ಕೈ ನಿಂತೈತಿ ನೋಡು! ಕೈ ನಿಂತೈತಿ!"

"ಗೊತ್ತೈತ್ರಿ. ಆದ್ರ ಬರೂದಿಲ್ಲ."

ಸುನಿತಾ ವಿಮಾನದಲ್ಲಿ ಏರಿ ವಿಮಾನದಲ್ಲೇ ಇಳಿದಳು. ಕೆಳಗೆ ಗಾಳಿಯ ದಿಕ್ಕು ತೋರಿಸುವ ಬಟ್ಟೆಯ ಚೀಲ ಸೆಟೆದು ನಿಂತು ಪಟಪಟ ಬಡಿದುಕೊಳ್ಳುತ್ತಿತ್ತು. ಮಧ್ಯಾಹ್ನ ನಿಲ್ಲಬಹುದು ಎಂದರು. ಅವಳು ಬೆಲ್ಟು ಬಿಚ್ಚದೆ ಶೆಡ್ಡಿನ ನೆರಳಲ್ಲಿ ಕುಳಿತಳು, ಊಟಕ್ಕೂ ಏಳಲಿಲ್ಲ. ಸಂಜೆಯಾದರೂ ಗಾಳಿ ನಿಲ್ಲಲಿಲ್ಲ, ಶೆಡ್ಡಿನ ತಗಡು ಬಿಚ್ಚುವವರು ಬಂದರು. ಮುಂದಿನ ವರ್ಷ ಬರುತ್ತೀರೋ ಎಂದು ಕೇಳಿದಳು. ನಂದೀಶ ಅವಳ ಮುಖ ನೋಡದೆ ಹಗ್ಗ ಸುತ್ತುತ್ತ, "ಮುಂದಿನ ಸಲ ಗುಜರಾತದಾಗ ಮಾಡ್ತಾರಂತ್ರಿ," ಎಂದ. ಅವಳು ಬೆಲ್ಟು ಬಿಚ್ಚಿ ಅವನ ಕೈಗೆ ಕೊಟ್ಟಳು. ಯಾರ ಮೇಲೆ ಸಿಟ್ಟು ಮಾಡಬೇಕೋ ಅದೂ ತಿಳಿಯಲಿಲ್ಲ. ಗಾಳಿಗೆ ಬೈದರೆ ಗಾಳಿಗೇನು?

ಮರುದಿನ ಡ್ಯೂಟಿ ಇತ್ತು. ಮರ್ದಾನಸಾಬನಿಗೆ ಖಬರ ಮುಟ್ಟಿತ್ತು. "ಹತ್ತಿದ ಸ್ಟಾಪಿನಾಗ ಇಳದ ಪ್ಯಾಸೆಂಜರ್ ನೀನ ನೋಡು ಸುನಿತಕ್ಕ," ಎಂದ. ಅವಳ ಮುಖ ನೋಡಿ ಗಾಡಿ ಚಾಲೂ ಮಾಡಿದ. ಗದಗ ಬಿಡುವಾಗಲೇ ಬಸ್ಸು ತುಂಬಿತ್ತು. ಬಾಗಿಲ ಹತ್ತಿರ ನೆಲದ ಮೇಲೆ ಒಬ್ಬ ಮುದುಕಿ ಕೈಚೀಲ ಮಡಿಲಲ್ಲಿಟ್ಟುಕೊಂಡು, ಒಂದು ಕಾಲು ಚಾಚಿ ಕುಳಿತಿದ್ದಳು. ಯಾವುದೋ ಎಮ್ಮೆ ಅಡ್ಡ ಬಂತು, ಮರ್ದಾನಸಾಬ ತನ್ನ ಎಂದಿನ ಚಂದಕ್ಕೆ ಬ್ರೇಕ್ ಹಾಕಿ ಗಾಡಿ ನಿಲ್ಲಿಸಿದ. ಸುನಿತಾಳ ಕಾಲು ಮುದುಕಿಯ ಪಾದದ ಮೇಲೆ ಪೂರ್ತಿ ಬಿತ್ತು.

"ಇರ್ಲಿ ಬಿಡವ್ವಾ," ಎಂದಳು ಮುದುಕಿ, ತಲೆ ಎತ್ತದೆ.

ಸುನಿತಾ ಮುಂದಿನವರಿಗೆ ಟಿಕೆಟ್ ಕೊಡಲು ಒಂದು ಹೆಜ್ಜೆ ಇಟ್ಟಳು. ಇಟ್ಟವಳು ನಿಂತಳು. ಮುದುಕಿ ಯಾವುದಕ್ಕೆ ಇರಲಿ ಬಿಡು ಅಂದಳು? ತನ್ನ ಕೈ ಕೆಳಗಿಳಿದೇ ಇರಲಿಲ್ಲ. ತಲೆ ಬಗ್ಗಿಸಿ ನೋಡಿಕೊಂಡಳು. ಬಲಗೈ ಎದೆಯ ಮೇಲೆ, ಟಿಕೆಟ್ ಮಶೀನಿನ ಪಟ್ಟಿಯನ್ನು ಗಟ್ಟಿಯಾಗಿ ಹಿಡಿದುಕೊಂಡಿತ್ತು. ನಂದೀಶ ಹೇಳಿಕೊಟ್ಟ ಹಾಗೇ, ಒಂಚೂರೂ ಅಲುಗದೆ.

ಅವಳು ಗಕ್ಕನೆ ತಿರುಗಿದಳು. ನಿಂತವರನ್ನು ಸರಿಸಿ ಹಿಂದಕ್ಕೆ ಬಂದು, ಆ ಗದ್ದಲದಲ್ಲೇ ಬಗ್ಗಿ ಮುದುಕಿಯ ಕಾಲಿಗಾಗಿ ತಡಕಾಡಿದಳು. ಮುದುಕಿ ಅಷ್ಟರಲ್ಲಿ ಕಾಲನ್ನು ಸೀರೆಯೊಳಗೆ ಎಳೆದುಕೊಂಡಿದ್ದಳು.

"ಏನ ಹುಡಕಾಕತ್ತೀಯವ್ವಾ? ರೊಕ್ಕ ಬಿದ್ದಾವೇನು?"

"ಇಲ್ಲಬೇ," ಎಂದಳು ಸುನಿತಾ. ಸೀರೆಯ ಅಂಚಿನಲ್ಲಿ ಪಾದ ಸಿಕ್ಕಿತು. ಮುಟ್ಟಿದಳು, ಕೈಯನ್ನು ತಾನೇ ಎತ್ತಿ ಕಣ್ಣಿಗೆ ತಂದಳು. ಈ ಸಲ ಮುದುಕಿ "ಇರ್ಲಿ ಬಿಡವ್ವಾ" ಅನ್ನಲಿಲ್ಲ, ತಲೆ ಎತ್ತಿ ಅವಳನ್ನು ನೋಡಿದಳು. ಎಮ್ಮೆ ದಾಟಿ ಹೋಗಿತ್ತು. ಮುಂದಿನಿಂದ ಮರ್ದಾನಸಾಬ, "ಸುನಿತಕ್ಕ, ರೈಟ್ ಹೇಳವಾ," ಎಂದು ಕೂಗುತ್ತಿದ್ದ.